ಒಬ್ಬ ಟೀಚರ್‌ನಿಂದ ಏನಾದೀತು ಎಂದು ಕೇಳಿದವರಿಗೆ

ಐದನೇ ತರಗತಿಯ ಹುಡುಗಿಯೊಬ್ಬಳು ಮನೆಯಲ್ಲಿ ಏಟು ತಿನ್ನುತ್ತಿದ್ದಾಳೆ ಎಂಬ ಅನುಮಾನ ನಿಮಗೆ ಬಂದಿದೆ. ನೀವು ಶಾಲೆಗೆ ಹೊಸಬರು. ಅವಳ ಮನೆಯನ್ನಂತೂ ಬದಲಿಸಲಾರೆ, ಹಾಗಿರುವಾಗ ನನ್ನಿಂದ ಅವಳಿಗೆ ಏನು ಉಪಯೋಗ ಎಂದು ಕೇಳಿದ್ದೀರಿ. ಉಪಯೋಗ ಇದೆ. ಒಂದು ಕಾಲದಲ್ಲಿ ಆ ಹುಡುಗಿಯ ಜಾಗದಲ್ಲಿ ಕುಳಿತಿದ್ದವಳು ನಾನು, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ನಾನು ಓದಿದ್ದು ತೊಂಬತ್ತರ ದಶಕದಲ್ಲಿ, ಉಡುಪಿ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ. ಅಪ್ಪನಿಗೆ ಮುಂಬಯಿಯ ಹೋಟೆಲಿನಲ್ಲಿ ಕೆಲಸ, ಅಮ್ಮನೂ ಅಲ್ಲೇ. ನನ್ನನ್ನು ಊರಿನಲ್ಲಿ ಸಂಬಂಧಿಕರ ಮನೆಯಲ್ಲಿ ಬಿಟ್ಟಿದ್ದರು. ಆ ಮನೆಯ ಯಜಮಾನ ಹೊಡೆಯುತ್ತಿದ್ದ, ಕಾರಣ ಇದ್ದಾಗಲೂ ಇಲ್ಲದಾಗಲೂ. ಹೆಚ್ಚು ವಿವರ ಬೇಡ. ಏಟಿನ ನೋವು ಎರಡು ದಿನಕ್ಕೆ ಇಳಿಯುತ್ತಿತ್ತು, ಮುಂದಿನ ಏಟು ಯಾವಾಗ ಎಂಬ ಭಯ ಇಳಿಯುತ್ತಿರಲಿಲ್ಲ. ಗೇಟು ತೆರೆದ ಸದ್ದು, ಚಪ್ಪಲಿ ಕಳಚಿದ ರೀತಿ, ಚಹಾದ ಲೋಟ ಕೆಳಗಿಟ್ಟ ರಭಸ, ಎಲ್ಲವನ್ನೂ ಕಿವಿ ಅಳೆಯುತ್ತಿತ್ತು. ರಾತ್ರಿಯೆಲ್ಲ ಹೀಗೆ ಎಚ್ಚರವಿದ್ದ ಮಗುವಿಗೆ ಬೆಳಿಗ್ಗೆ ಭಾಗಾಕಾರ ತಲೆಗೆ ಹತ್ತುವುದು ಹೇಗೆ? ಆ ಹುಡುಗಿಗೆ ಗಮನವೇ ಇಲ್ಲ ಎಂದು ನಿಮ್ಮ ಸಹೋದ್ಯೋಗಿಗಳು ದೂರುತ್ತಾರೆ ಎಂದಿದ್ದೀರಿ. ಅವಳ ಗಮನವೆಲ್ಲ ಕೋಣೆಯಲ್ಲಿರುವ ದೊಡ್ಡವರ ಮುಖದ ಮೇಲೆ ಇರುತ್ತದೆ.

ನಮ್ಮ ಗಣಿತದ ಟೀಚರ್ ನಿನ್ನೆ ಹೇಗಿದ್ದರೋ ಇಂದೂ ಹಾಗೆಯೇ ಇರುತ್ತಿದ್ದರು. ನನಗೆ ಮೊದಲು ಸಿಕ್ಕಿದ ಔಷಧ ಇದೇ. ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದು ಅವರ ತರಗತಿಯಲ್ಲಿ ಎಲ್ಲರಿಗೂ ಗೊತ್ತಿತ್ತು: ಬೋರ್ಡಿನ ಬಳಿ ಕರೆದು ಮತ್ತೊಮ್ಮೆ ಮಾಡಿಸುತ್ತಿದ್ದರು, ಅಷ್ಟೇ. ಆಮೇಲೆ ಗ್ರಂಥಾಲಯದ ಕಪಾಟಿನ ಬೀಗದ ಕೈಯನ್ನು ನನಗೆ ಕೊಟ್ಟರು. ಮನೆಯಲ್ಲಿ ಕೂಳಿಗೆ ದಂಡ ಎನಿಸಿಕೊಂಡಿದ್ದವಳ ಬಳಿ ಶುಕ್ರವಾರ ಸಂಜೆ ದೊಡ್ಡ ತರಗತಿಯ ಹುಡುಗರೂ ಪುಸ್ತಕ ಕೇಳಿಕೊಂಡು ಬರತೊಡಗಿದರು. ರಿಜಿಸ್ಟರ್‌ನಲ್ಲಿ ತಪ್ಪು ಬರೆದಾಗ ಟೀಚರ್ ನನಗೂ ತಿದ್ದಿ ಹೇಳುತ್ತಿದ್ದರು. ಕನಿಕರದಿಂದ ಬಿಟ್ಟುಬಿಟ್ಟಿದ್ದರೆ ನಾನು ಬೇರೆಯವರಂತಲ್ಲ ಎಂಬುದು ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಒಂದು ದಿನ ತೋಳಿನ ಬಾಸುಂಡೆ ಅವರ ಕಣ್ಣಿಗೆ ಬಿತ್ತು. ಎಲ್ಲರೂ ಹೋದ ಮೇಲೆ, ಬಾಗಿಲು ತೆರೆದೇ ಇಟ್ಟು, “ಇದು ಹೇಗಾಯಿತು?” ಎಂದು ಒಂದೇ ಪ್ರಶ್ನೆ ಕೇಳಿದರು. ಬಿದ್ದೆ ಎಂದೆ. “ಆಯಿತು. ಯಾವಾಗಲಾದರೂ ಏನಾದರೂ ಹೇಳಬೇಕೆನಿಸಿದರೆ ಸಂಜೆ ನಾನು ಇಲ್ಲೇ ಇರುತ್ತೇನೆ” ಎಂದರು. ಇರುತ್ತಲೂ ಇದ್ದರು. ಹಲವು ವಾರ ಪರೀಕ್ಷಿಸಿದ ಮೇಲೆಯೇ ನಾನು ಬಾಯಿ ಬಿಟ್ಟದ್ದು, ಅದೂ ತುಳುವಿನಲ್ಲಿ. ಶಾಲೆಯ ಕನ್ನಡದಲ್ಲಿ ಆ ಮಾತು ನನ್ನಿಂದ ಹೊರಡುತ್ತಿರಲಿಲ್ಲ. ನಿಮ್ಮ ಹುಡುಗಿಯ ಮನೆಮಾತು ಕೊಂಕಣಿಯೋ ಬ್ಯಾರಿಯೋ ಕುಂದಾಪ್ರ ಕನ್ನಡವೋ ಇದ್ದರೆ, ಅದರಲ್ಲೇ ಹೇಳಲು ಬಿಡಿ. ನಿಮಗೆ ಅರ್ಧ ತಿಳಿದರೂ ಚಿಂತೆಯಿಲ್ಲ, ನಡುವೆ ತಿದ್ದಬೇಡಿ.

ಕರಾವಳಿಯ ಶಿಕ್ಷಕರು ಮುಖ್ಯವಾಗಿ ಗಮನಿಸಬೇಕಾದ ಒಂದು ವಿಷಯವಿದೆ. ತುಳುವರ ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟ್‌ನ, ಮಳೆಗೆ ಶಾಲೆಗೆ ರಜೆ ಎಂಬ ಸುದ್ದಿ ಬಂದರೆ ಮಕ್ಕಳೆಲ್ಲ ಕುಣಿಯುತ್ತಾರೆ. ಆ ಗದ್ದಲದಲ್ಲಿ ಮುಖ ಬಾಡುವ ಮಗು ಯಾವುದೆಂದು ನೋಡಿ. ನನಗೆ ಮಳೆಯ ರಜೆಯೆಂದರೆ ಇಡೀ ದಿನ ಆ ಮನೆಯೊಳಗೆ. ಬೇಸಿಗೆ ರಜೆಯ ಮಾತು ಎತ್ತಿದರೆ ಹೊಟ್ಟೆ ನೋವು ಬರುತ್ತಿತ್ತು. ಟೀಚರ್ ಅದನ್ನು ಗುರುತಿಸಿದ್ದರು.

ಅವರು ನನ್ನ ಅಮ್ಮನಿಗೆ ಕಾಗದ ಬರೆದರು. ಮನೆಯ ವಿಷಯಕ್ಕೆ ಶಾಲೆ ಕೈ ಹಾಕಬಾರದು ಎಂದು ಮುಖ್ಯೋಪಾಧ್ಯಾಯರು ತಡೆದರೂ ಬಿಡಲಿಲ್ಲ. ಅಮ್ಮ ಬಂದರು, ಎಂಟನೇ ತರಗತಿಗೆ ನಾನು ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯ ಸೇರಿದೆ.

ಇದು ನನ್ನೊಬ್ಬಳ ಅದೃಷ್ಟವಿರಬಹುದು ಎಂದು ನಿಮಗೆ ಅನಿಸಬಹುದು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನೋವಿಜ್ಞಾನಿ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಅಭ್ಯಸಿಸಿದರು. ಬಡತನ, ಮನೆಯ ಕಲಹ, ಹೆತ್ತವರ ಕುಡಿತ ಇಂಥ ಹಲವು ಕಷ್ಟಗಳ ನಡುವೆ ಬೆಳೆದವರಲ್ಲೂ ಸುಮಾರು ಮೂರನೇ ಒಂದು ಪಾಲು ಮಕ್ಕಳು ಸಮರ್ಥರಾಗಿ, ಅಕ್ಕರೆಯುಳ್ಳವರಾಗಿ ಬೆಳೆದಿದ್ದರು. ಅವರಿಗೆ ಆಸರೆಯಾದವುಗಳಲ್ಲಿ ಮತ್ತೆ ಮತ್ತೆ ಕಂಡದ್ದು, ನೆಚ್ಚಿಕೊಳ್ಳಬಹುದಾದ ಹಿರಿಯರೊಬ್ಬರ ಒಡನಾಟ. ಅಜ್ಜಿ, ನೆರೆಯವರು, ಎಷ್ಟೋ ಸಲ ಶಿಕ್ಷಕರು.

ನಮ್ಮ ಟೀಚರ್‌ಗೆ ಇಲ್ಲದ ಕಾನೂನಿನ ಬಲ ನಿಮಗಿದೆ. ಮಗುವನ್ನು ಸಾಕುವವರೇ ಹಿಂಸಿಸಿದರೆ ಅದು 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಅಪರಾಧ. ಮಗು ಎಲ್ಲಿ ಸುರಕ್ಷಿತ ಎಂದು ತೀರ್ಮಾನಿಸುವ ಅಧಿಕಾರ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗಿದೆ. ಲೈಂಗಿಕ ದೌರ್ಜನ್ಯದ ವಿಷಯ ತಿಳಿದರೆ ಯೋಚಿಸುತ್ತ ಕೂರುವ ಹಾಗೇ ಇಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ 6 ತಿಂಗಳವರೆಗೆ ಸೆರೆವಾಸ ಆಗಬಹುದು. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಮೊಕದ್ದಮೆ ಹೂಡಲು ಬರುವುದಿಲ್ಲ. ಮಗುವಿನ ಹೇಳಿಕೆಯನ್ನು ಪೊಲೀಸರು ಅದರ ಮನೆಯಲ್ಲೋ ಅದು ಇಷ್ಟಪಡುವ ಜಾಗದಲ್ಲೋ, ಸಮವಸ್ತ್ರವಿಲ್ಲದೆ ಬಂದು ಬರೆದುಕೊಳ್ಳಬೇಕು. ಆಗ ಹೆತ್ತವರು ಅಥವಾ ಮಗು ನಂಬುವ ಬೇರೆ ಯಾರಾದರೂ ಜೊತೆಗಿರಬಹುದು. ಅವಳಿಗೆ ನೀವೇ ಆ ನಂಬಿಕೆಯ ವ್ಯಕ್ತಿ ಆಗಬಹುದು.

ಎಲ್ಲ ಭಾರವೂ ನಿಮ್ಮ ಮೇಲೇ ಇರಬೇಕಾಗಿಲ್ಲ. ಕುಡುಕ ತಂದೆಯ ಕೈಯಲ್ಲಿ ನಲುಗಿದ್ದ ನನ್ನ ಸಹಪಾಠಿಯೊಬ್ಬ ಗೆಲುವಾಗಿದ್ದನ್ನು ನಾನು ಕಂಡದ್ದು ಯಕ್ಷಗಾನದ ಅಭ್ಯಾಸದಲ್ಲಿ ಮಾತ್ರ. ಹೆಜ್ಜೆ ತಪ್ಪಿದರೆ ಗುರುಗಳು ಬೈಯದೆ ಮತ್ತೆ ತಾಳ ಹಾಕುತ್ತಿದ್ದರು. ನಿಮ್ಮ ಹುಡುಗಿಗೂ ಅಂಥದ್ದೊಂದು ಜಾಗ ಹುಡುಕಿಕೊಡಿ, ಆದರೆ ಅಲ್ಲಿನ ವ್ಯವಸ್ಥೆಯನ್ನು ಕಣ್ಣಾರೆ ನೋಡಿ ಬನ್ನಿ. ನೊಂದ ಮಗುವನ್ನು ಒಲಿಸಿಕೊಳ್ಳುವುದು ಸುಲಭವೆಂದು ಕೆಟ್ಟವರಿಗೂ ಗೊತ್ತು. ಅಭ್ಯಾಸ ನಾಲ್ಕು ಜನರ ಎದುರಿಗೆ ನಡೆಯಬೇಕು. ಗುಟ್ಟಿನ ಉಡುಗೊರೆ ಕೊಡುವ, ಒಂಟಿಯಾಗಿ ಕರೆಯುವ ಹಿರಿಯರನ್ನು ಕೂಡಲೇ ದೂರವಿಡಿ.

ನಾಳೆಯಿಂದಲೇ ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ, ಕಂಡ ಗಾಯವನ್ನೂ ಅವಳು ಆಡಿದ ಮಾತನ್ನೂ ಇದ್ದದ್ದು ಇದ್ದ ಹಾಗೆ ಬರೆದಿಡಿ. ಬೇರೆ ಶಿಕ್ಷಕರ ಮುಂದೆ ಅವಳ ಕೈ ಎತ್ತಿ ತೋರಿಸಬೇಡಿ. ಮನೆಯವರನ್ನು ಕರೆಸಿ ನೇರವಾಗಿ ಕೇಳುವ ಆತುರವೂ ಬೇಡ, ಅದರ ಸಿಟ್ಟು ಅಂದು ರಾತ್ರಿ ಅವಳ ಬೆನ್ನಿನ ಮೇಲೆ ಇಳಿಯುತ್ತದೆ. ಯಾರಿಗೂ ಹೇಳಬೇಡಿ ಟೀಚರ್ ಎಂದು ಅವಳು ಬೇಡಿಕೊಂಡರೆ ಆಣೆ ಹಾಕಬೇಡಿ. “ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ” ಎನ್ನಿ, ಹಾಗೆಯೇ ನಡೆದುಕೊಳ್ಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಸಾಕ್ಷ್ಯ ಬೇಕಿಲ್ಲ, ನಿಮ್ಮ ಅನುಮಾನ ಸಾಕು. ಹೊಸ ಗಾಯ ಕಂಡರೆ, ಅಥವಾ ಮನೆಗೆ ಹೋಗಲು ಹೆದರಿಕೆ ಎಂದು ಅವಳು ಬಾಯಿಬಿಟ್ಟರೆ, ಶಾಲೆ ಬಿಡುವ ಗಂಟೆಗೆ ಮೊದಲೇ ಕರೆ ಮಾಡಿ, ಸಹಾಯಕ್ಕೆ ಜನ ಬರುವವರೆಗೆ ಅವಳ ಪಕ್ಕದಲ್ಲೇ ಇರಿ.