ಸಸ್ಕಾಚೆವಾನ್‌ನ ಊರೂರಿನ ಕರ್ಲಿಂಗ್ ಕ್ಲಬ್‌ಗಳು: ಆಟ ಬಾರದವರು ಸೇರಬಹುದೇ?

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಸಣ್ಣ ಊರೊಂದರಲ್ಲಿ ಕೆಲಸ ಸಿಕ್ಕಿದೆ, ಅಲ್ಲಿ ಎಲ್ಲಿ ನೋಡಿದರೂ ಐಸಿನ ಮೇಲೆ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಆಟದ ಕ್ಲಬ್ ಇರುತ್ತದೆಯಂತೆ, ಮಂಜುಗಡ್ಡೆಯ ಮೇಲೆ ಎಂದೂ ಕಾಲಿಡದ, ನಲವತ್ತು ದಾಟಿದವರು ಅಲ್ಲಿ ಸೇರಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಖಂಡಿತ ಸೇರಬಹುದು, ಮತ್ತು ಹೋದ ಮೊದಲ ಚಳಿಗಾಲದಲ್ಲಿಯೇ ಸೇರಬೇಕು ಎಂದು ಪ್ರಾಂತ್ಯದ ರಾಜಧಾನಿ ರೆಜೈನಾದಲ್ಲಿ ನೆಲೆಸಿ ಇಲ್ಲಿನ ಕ್ಲಬ್‌ಗಳಲ್ಲಿ ಆಡುತ್ತಿರುವ ನಾನು ಒತ್ತಿ ಹೇಳುತ್ತೇನೆ. ಈ ಕ್ಲಬ್‌ಗಳನ್ನು ಊರಿನವರೇ ಕಟ್ಟಿ, ಊರಿನವರೇ ದುಡಿದು ನಡೆಸುತ್ತಿದ್ದಾರೆ. ಆದ್ದರಿಂದ ಅಲ್ಲಿ ಆಟ ಬರುತ್ತದೆಯೇ ಎಂಬ ಪ್ರಶ್ನೆಗಿಂತ, ಬಂದು ಕೈಜೋಡಿಸುತ್ತೀರಾ ಎಂಬ ಪ್ರಶ್ನೆಯೇ ದೊಡ್ಡದು.

ಸಸ್ಕಾಚೆವಾನ್ ಗೋಧಿ, ಕನೋಲಾ ಎಂಬ ಎಣ್ಣೆಕಾಳು, ಬೇಳೆಕಾಳುಗಳನ್ನು ಬೆಳೆಯುವ ಬಯಲು ಸೀಮೆ. ಭಾರತಕ್ಕೆ ಬರುವ ಮಸೂರ ಬೇಳೆಯಲ್ಲಿ ಒಂದು ಪಾಲು ಇಲ್ಲಿನ ಹೊಲಗಳದ್ದೇ. ಅಕ್ಟೋಬರ್ ಹೊತ್ತಿಗೆ ಕಟಾವು ಮುಗಿದರೆ ಮೇ ತಿಂಗಳ ಬಿತ್ತನೆಯವರೆಗೆ ಹೊಲದ ಕೆಲಸಕ್ಕೆ ಬಿಡುವು, ಜನವರಿಯಲ್ಲಿ ಮೈನಸ್ 30 ಡಿಗ್ರಿ ಅಪರೂಪವಲ್ಲ. ಸ್ಕಾಟ್ಲೆಂಡಿನ ವಲಸಿಗರ ಜೊತೆ ಬಂದ ಈ ಆಟ ಆ ಬಿಡುವಿಗೆ ಸರಿಯಾಗಿ ಹೊಂದಿಕೊಂಡಿತು. ಶೈತ್ಯ ಯಂತ್ರಗಳಿಲ್ಲದ ಕಾಲದಲ್ಲಿಯೂ ಮರದ ಶೆಡ್ಡೊಂದನ್ನು ಕಟ್ಟಿ, ನೆಲಕ್ಕೆ ನೀರು ಹಾಯಿಸಿ, ಹೊರಗಿನ ಚಳಿಯನ್ನು ಒಳಗೆ ಬಿಟ್ಟುಕೊಂಡರೆ ಐಸ್ ತಾನಾಗಿ ಸಿದ್ಧವಾಗುತ್ತಿತ್ತು. ಹೀಗೆ ರೈಲು ಹಳಿಯ ಪಕ್ಕದ ಧಾನ್ಯದ ಗೋದಾಮು, ಶಾಲೆ, ಚರ್ಚುಗಳ ಜೊತೆಗೆ ಕರ್ಲಿಂಗ್ ರಿಂಕ್ (ಐಸಿನ ಅಂಗಳ) ಕೂಡ ಊರಿನ ಅಂಗವಾಯಿತು. 2001ರಲ್ಲಿ ಪ್ರಾಂತ್ಯವು ಕರ್ಲಿಂಗನ್ನೇ ತನ್ನ ಅಧಿಕೃತ ಕ್ರೀಡೆಯೆಂದು ಘೋಷಿಸಿತು.

ಆಟವನ್ನು ಚುಟುಕಾಗಿ ಹೇಳುತ್ತೇನೆ. ತಂಡಕ್ಕೆ ನಾಲ್ವರು, ಒಬ್ಬೊಬ್ಬರಿಗೆ ಎರಡು ಕಲ್ಲು. ಸುಮಾರು 45 ಮೀಟರ್ ಉದ್ದದ, ಹೆಚ್ಚೆಂದರೆ 5 ಮೀಟರ್ ಅಗಲದ ಐಸಿನ ಒಂದು ತುದಿಯಿಂದ ಹಿಡಿಕೆಯುಳ್ಳ ಗ್ರಾನೈಟ್ ಕಲ್ಲನ್ನು ಜಾರಿಬಿಟ್ಟು, ಇನ್ನೊಂದು ತುದಿಯಲ್ಲಿರುವ 12 ಅಡಿ ವ್ಯಾಸದ ವೃತ್ತದ ನಡುವಿಗೆ ಎದುರಾಳಿಗಿಂತ ಹತ್ತಿರ ನಿಲ್ಲಿಸಬೇಕು. ಕಲ್ಲಿನ ತೂಕ 17ರಿಂದ 20 ಕಿಲೋ ಇದ್ದರೂ ಯಾರೂ ಅದನ್ನು ಎತ್ತುವುದಿಲ್ಲ. ಅದು ಐಸಿನ ಮೇಲೆಯೇ ಜಾರುವುದರಿಂದ ತೋಳಿನ ಬಲಕ್ಕಿಂತ ದೇಹದ ಸಮತೋಲ ಮುಖ್ಯ. ಬಿಡುವಾಗ ಹಿಡಿಕೆಯನ್ನು ತುಸು ತಿರುಗಿಸಿದರೆ ಕಲ್ಲು ಓಟದ ಕೊನೆಯಲ್ಲಿ ಒಂದು ಕಡೆಗೆ ಬಾಗುತ್ತದೆ. ಮುಂದೆ ಇಬ್ಬರು ಬ್ರಷ್ಷಿನಿಂದ ಬಿರುಸಾಗಿ ಉಜ್ಜಿದರೆ ಐಸ್ ಸ್ವಲ್ಪ ಬೆಚ್ಚಗಾಗಿ ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೇರವಾಗಿ ಸಾಗುತ್ತದೆ. ಕ್ಲಬ್ ಮಟ್ಟದಲ್ಲಿ ಸಾಮಾನ್ಯವಾಗಿ 8 ಸುತ್ತು, ಎರಡು ಗಂಟೆಯ ಆಟ. ಅಂಪೈರ್ ಇರುವುದಿಲ್ಲ. ಉಜ್ಜುವಾಗ ಬ್ರಷ್ಷು ತನ್ನ ತಂಡದ ಕಲ್ಲಿಗೆ ತಾಗಿದರೆ ತಾಗಿಸಿದವರೇ ಅದನ್ನು ಹೇಳಿ ತಪ್ಪನ್ನು ಒಪ್ಪಿಕೊಳ್ಳಬೇಕು. ಈ ಆಟದಲ್ಲಿ ನನಗೆ ಅತ್ಯಂತ ಗೌರವವಿರುವುದು ಈ ನಡವಳಿಕೆಯ ಬಗ್ಗೆ.

ಕ್ಲಬ್ಬಿಗೆ ಮೊದಲ ಸಲ ಹೋಗುವ ದಿನ ಆಟಕ್ಕಿಂತ ಅರ್ಧ ಗಂಟೆ ಮುಂಚೆಯೇ ಹೋಗಿ, ಗಾಜಿನ ಈಚೆ ನಿಂತು ಐಸ್ ಸಿದ್ಧಪಡಿಸುವುದನ್ನು ನೋಡಿ. ಕರ್ಲಿಂಗ್ ಐಸ್ ನುಣುಪಾಗಿದ್ದರೆ ಕಲ್ಲು ನಡುದಾರಿಯಲ್ಲಿಯೇ ನಿಂತುಬಿಡುತ್ತದೆ. ಅದಕ್ಕಾಗಿ ಹಳೆಯ ಪದರವನ್ನು ಯಂತ್ರದಿಂದ ಹೆರೆದು, ಗುಡಿಸಿ, ಆಮೇಲೆ ಐಸ್ ನೋಡಿಕೊಳ್ಳುವವರು ನೀರಿನ ಡಬ್ಬಿಯನ್ನು ಬೆನ್ನಿಗೆ ಹಾಕಿಕೊಂಡು, ಕೊಳವೆಯ ತುದಿಯ ತೂತುತೂತಿನ ಮೂತಿಯನ್ನು ಎಡಕ್ಕೂ ಬಲಕ್ಕೂ ಒಂದೇ ಲಯದಲ್ಲಿ ಬೀಸುತ್ತ ಹಿಂದಕ್ಕೆ ಹೆಜ್ಜೆಯಿಡುತ್ತ ಹೋಗುತ್ತಾರೆ. ಬಿದ್ದ ಹನಿಗಳು ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿ ಸಣ್ಣ ಗುಳ್ಳೆಗಳಾಗುತ್ತವೆ, ಕಲ್ಲು ಆ ಗುಳ್ಳೆಗಳ ತಲೆಯ ಮೇಲೆ ಓಡುತ್ತದೆ. ನೀರಿನ ಬಿಸಿ, ಕೈ ಬೀಸುವ ವೇಗ, ನಡಿಗೆಯ ವೇಗ, ಇವುಗಳಲ್ಲಿ ಯಾವುದು ಹೆಚ್ಚುಕಡಿಮೆಯಾದರೂ ಅಂದಿನ ಆಟದ ಸ್ವರೂಪವೇ ಬದಲಾಗುತ್ತದೆ. ದೊಡ್ಡ ನಗರದ ಕ್ಲಬ್‌ಗಳಲ್ಲಿ ಇದಕ್ಕೆ ಸಂಬಳದ ನೌಕರರಿರುತ್ತಾರೆ. ಸಣ್ಣ ಊರುಗಳಲ್ಲಿ ಎಷ್ಟೋ ಕಡೆ ಹಗಲು ಹೊಲ ನೋಡಿಕೊಳ್ಳುವ ಒಬ್ಬ ರೈತರೋ ನಿವೃತ್ತ ಮೇಷ್ಟ್ರೋ ಬಂದು ಈ ಕೆಲಸ ಮಾಡಿ ಹೋಗುತ್ತಾರೆ.

ಉಳಿದ ಕೆಲಸವೂ ಹೀಗೆಯೇ. ನಮ್ಮ ಹಳ್ಳಿಗಳಲ್ಲಿ ಜಾತ್ರೆಯ ಕೆಲಸವನ್ನು ಮನೆಮನೆಗೆ ಹಂಚುವಂತೆ, ಇಲ್ಲಿ ಅಡುಗೆಮನೆಯ ಪಾಳಿ, ಬಾರಿನ ಪಾಳಿ, ಮಕ್ಕಳಿಗೆ ಆಟ ಕಲಿಸುವ ಪಾಳಿಗಳನ್ನು ಸದಸ್ಯರು ಹಂಚಿಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ವಾರಾಂತ್ಯದಲ್ಲಿ ನಡೆಯುವ ಬಾನ್‌ಸ್ಪೀಲ್ ಎಂಬ ಪಂದ್ಯಾವಳಿಗೆ ಸುತ್ತಲಿನ ಊರುಗಳ ತಂಡಗಳು ಬರುತ್ತವೆ, ಅದರ ಪ್ರವೇಶ ಶುಲ್ಕ, ಊಟದ ಮಾರಾಟ, ಅದೃಷ್ಟದ ಚೀಟಿ ಎತ್ತುವ ರ‍್ಯಾಫಲ್‌ಗಳಿಂದ ಬರುವ ಹಣ ಕ್ಲಬ್ಬಿನ ಉಸಿರು ಹಿಡಿದಿಡುತ್ತದೆ. ಖರ್ಚು ಮಾತ್ರ ಏರುತ್ತಲೇ ಇದೆ. ಎಲ್ಲಕ್ಕಿಂತ ದೊಡ್ಡ ಹೊರೆ ವಿದ್ಯುತ್ತು ಮತ್ತು ಶೈತ್ಯ ಯಂತ್ರ. 2017ರ ಅಕ್ಟೋಬರಿನಲ್ಲಿ ಕೆನಡಾದ ಇನ್ನೊಂದು ಪ್ರಾಂತ್ಯವಾದ ಬ್ರಿಟಿಷ್ ಕೊಲಂಬಿಯಾದ ಫರ್ನಿ ಎಂಬ ಊರಿನಲ್ಲಿ ಕರ್ಲಿಂಗ್ ಐಸಿನ ಶೈತ್ಯ ವ್ಯವಸ್ಥೆಯಿಂದ ಅಮೋನಿಯಾ ಸೋರಿ ಮೂವರು ಪ್ರಾಣ ಕಳೆದುಕೊಂಡರು. ಅದಾದ ಮೇಲೆ ಹಳೆಯ ಯಂತ್ರವನ್ನು ಇನ್ನೊಂದು ವರ್ಷ ಹೇಗೋ ಓಡಿಸೋಣ ಎಂದು ಯಾವ ಸಮಿತಿಯೂ ಹಗುರವಾಗಿ ಹೇಳುವಂತಿಲ್ಲ; ಹೊಸದು ಕೂಡಿಸುವ ಹಣವನ್ನು ಕೆಲವೇ ನೂರು ಜನರ ಊರು ಹೊಂದಿಸುವುದೂ ಸುಲಭವಲ್ಲ. ಹೊಲಗಳು ದೊಡ್ಡದಾಗಿ ಮನೆಗಳು ಕಡಿಮೆಯಾದಂತೆ ಬಾಗಿಲು ಮುಚ್ಚಿದ ಕ್ಲಬ್‌ಗಳೂ ಇವೆ. ಹೊಸದಾಗಿ ಬರುವ ಒಬ್ಬೊಬ್ಬ ಸದಸ್ಯರೂ ಅವರಿಗೆ ಬೇಕು ಎಂದು ನಾನು ಹೇಳುವುದು ಬರೀ ಸೌಜನ್ಯಕ್ಕಲ್ಲ.

ಇಷ್ಟು ಸಣ್ಣ ಜಾಗಗಳಿಂದ ಏನು ಹೊರಬಂದಿದೆ ಎಂಬುದನ್ನೂ ತಿಳಿದಿರಬೇಕು. ಸ್ಟೌಟನ್ ಎಂಬ ಪುಟ್ಟ ಊರಿನ ಅರ್ನಿ ರಿಚರ್ಡ್‌ಸನ್ ತಮ್ಮ ಸೋದರ ಮತ್ತು ದಾಯಾದಿ ಸೋದರರ ಜೊತೆ ರೆಜೈನಾದಿಂದ ಆಡಿ 1959, 1960, 1962 ಮತ್ತು 1963ರಲ್ಲಿ ಕೆನಡಾದ ಹಾಗೂ ವಿಶ್ವದ ಕಿರೀಟಗಳೆರಡನ್ನೂ ಗೆದ್ದರು. ಬಿಗ್ಗರ್ ಊರಿನಲ್ಲಿ ಆಟ ಕಲಿತ ಸಾಂಡ್ರಾ ಶ್ಮಿರ್ಲರ್ ಮೂರು ಸಲ ವಿಶ್ವ ಚಾಂಪಿಯನ್ ಆಗಿ, 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು, ಎರಡೇ ವರ್ಷಗಳಲ್ಲಿ, ಕೇವಲ 36ರ ಪ್ರಾಯದಲ್ಲಿ ಕ್ಯಾನ್ಸರಿಗೆ ಬಲಿಯಾದರು. ಇಲ್ಲಿನವರು ಇಂದಿಗೂ ಅವರ ಹೆಸರನ್ನು ಮನೆಮಗಳ ಹೆಸರಿನಂತೆ ಹೇಳುತ್ತಾರೆ. 2011ರಲ್ಲಿ ಕೆನಡಾದ ಮಹಿಳಾ ಪ್ರಶಸ್ತಿಯನ್ನು ಗೆದ್ದ ಆಂಬರ್ ಹಾಲಂಡ್ ಅವರ ತಂಡ ಪ್ರತಿನಿಧಿಸಿದ್ದು ರೆಜೈನಾ ಬಳಿಯ ಕ್ರೋನೌ ಎಂಬ ಹಳ್ಳಿಯ ಕ್ಲಬ್ಬನ್ನು. ಬಿಡುವಾದಾಗ ವೇಬರ್ನ್ ಪಟ್ಟಣದ ಟರ್ನರ್ ಕರ್ಲಿಂಗ್ ಮ್ಯೂಸಿಯಮ್ಮಿಗೂ ಹೋಗಿ ಬನ್ನಿ. ದಂಪತಿಗಳಿಬ್ಬರು ಪ್ರೀತಿಯಿಂದ ಕೂಡಿಟ್ಟ ಸಂಗ್ರಹದಿಂದ ಬೆಳೆದದ್ದು ಅದು.

ಆಟ ಮುಗಿದ ಮೇಲೆ ಎದ್ದು ಮನೆಗೆ ಹೋಗಬೇಡಿ. ಎಂಟೂ ಜನ ಕೈಕುಲುಕಿ, ಒಂದೇ ಮೇಜಿನ ಸುತ್ತ ಕೂರುವುದು, ಗೆದ್ದವರು ಸೋತವರಿಗೆ ಮೊದಲ ಲೋಟ ಕೊಡಿಸುವುದು ಇಲ್ಲಿನ ಪದ್ಧತಿ. ಮದ್ಯ ಬೇಡವೆಂದರೆ ಕಾಫಿ ಬರುತ್ತದೆ, ಯಾರೂ ಎರಡನೆಯ ಮಾತು ಕೇಳುವುದಿಲ್ಲ. ನನಗೆ ಒಳ್ಳೆಯ ಮೆಕ್ಯಾನಿಕ್ ಸಿಕ್ಕಿದ್ದು, ಹಿಮಗಾಳಿಯ ದಿನ ಹೆದ್ದಾರಿಗೆ ಇಳಿಯಬಾರದೆಂಬ ಬುದ್ಧಿ ಸಿಕ್ಕಿದ್ದು ಇಂಥ ಮೇಜಿನ ಸುತ್ತಲೇ. ಸಸ್ಯಾಹಾರಿಯಾದರೆ ಅಡುಗೆಮನೆಯವರಿಗೆ ಮುಂಚೆಯೇ ತಿಳಿಸಿ. ಎಲ್ಲರೂ ಒಂದೊಂದು ತಿನಿಸು ತರುವ ದಿನ ಚಿತ್ರಾನ್ನ ಒಯ್ದರೆ ಪಾತ್ರೆ ಖಾಲಿಯಾಗಿಯೇ ಮರಳುತ್ತದೆ.

ನೋಂದಣಿ ಸಾಮಾನ್ಯವಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನಡೆಯುತ್ತದೆ, ಆಟ ಮಾರ್ಚ್‌ವರೆಗೆ ಇರುತ್ತದೆ. ಹೊಸಬರಿಗೆ ಕಲಿಸುವ ತರಗತಿ ಇದೆಯೇ ಎಂದು ಮೊದಲು ವಿಚಾರಿಸಿ. ಏನನ್ನೂ ಕೊಳ್ಳಬೇಡಿ, ಬ್ರಷ್ಷು, ಪಾದಕ್ಕೆ ಹಾಕುವ ಜಾರುಪಟ್ಟಿಗಳನ್ನು ಬಹುತೇಕ ಕ್ಲಬ್‌ಗಳು ಕೊಡುತ್ತವೆ, ಬೀದಿಯ ಮಣ್ಣು ಕಾಣದ ಶುದ್ಧ ಬೂಟು ಮತ್ತು ಮೈಗೆ ಹಿಗ್ಗುವ ಪ್ಯಾಂಟು ಸಾಕು. ಮಂಡಿನೋವಿದ್ದರೆ ಬಗ್ಗದೆ ನಿಂತೇ ಕಲ್ಲು ತಳ್ಳುವ ಉದ್ದನೆಯ ಕೋಲನ್ನು ಕೇಳಿ ಪಡೆಯಿರಿ, ಅದನ್ನು ಬಳಸುವ ಹಿರಿಯರು ಎಲ್ಲೆಡೆ ಇದ್ದಾರೆ. ನೀವು ತಲುಪುವಷ್ಟರಲ್ಲಿ ತಂಡಗಳು ತುಂಬಿದ್ದರೆ, ಗೈರುಹಾಜರಾದವರ ಬದಲಿಗೆ ಆಡುವವರ ಪಟ್ಟಿಯಲ್ಲಿ ಹೆಸರು ಬರೆಸಿ, ಜೊತೆಗೆ ಬಾನ್‌ಸ್ಪೀಲ್ ವಾರಾಂತ್ಯದ ಅಡುಗೆಮನೆ ಪಾಳಿಗೂ ಹೆಸರು ಕೊಡಿ. ಮುಂದಿನ ಅಕ್ಟೋಬರಿಗೆ ತಂಡ ಕಟ್ಟುವಾಗ ಅವರೇ ನಿಮಗೆ ಫೋನ್ ಮಾಡುತ್ತಾರೆ.