ಹನ್ನೊಂದು ಮನೆಯ ಯಂತ್ರದ ಪ್ರಶ್ನೆಗೆ: ಮೊದಲು ಬ್ಯಾರಲ್ ಲೆಕ್ಕ

ನಮಸ್ಕಾರ. ನಿಮ್ಮ ಕೇರಿಯ ಹನ್ನೊಂದು ಮನೆಯವರು ಸೇರಿ ಅಡಿಕೆ ಸುಲಿಯುವ ಯಂತ್ರ ಮತ್ತು ನೆಲದ ಮೇಲೆ ನಿಂತೇ ಕೊನೆ ಕೊಯ್ಯುವ ಉದ್ದ ಕೋಲು, ಕಾರ್ಬನ್ ಫೈಬರ್ ದೋಟಿ ಕೊಳ್ಳಬೇಕೆಂದಿದ್ದೀರಿ, ಅದಕ್ಕೆ ಸಂಘ ನೋಂದಾಯಿಸುವುದು ಹೇಗೆ ಎಂದು ಕೇಳಿದ್ದೀರಿ. ಯಾವ ಯಂತ್ರ ಒಳ್ಳೆಯದು ಎಂದು ನಿಮಗೆ ಈಗಾಗಲೇ ಹಲವರು ಬರೆದಿದ್ದಾರೆ, ನಾನು ಅದರ ತಂಟೆಗೆ ಹೋಗುವುದಿಲ್ಲ.

ಶಿರಸಿಯ ಈಚೆಗಿನ ನಮ್ಮ ಕೇರಿಯಲ್ಲಿ ಹದಿನೈದು ವರ್ಷಗಳ ಹಿಂದೆ ಆರು ಮನೆ ಸೇರಿ ಔಷಧಿ ಹೊಡೆಯುವ ಪಂಪ್ ಕೊಂಡೆವು. ಮೊದಲ ವರ್ಷ ಪೂಜೆ ಮಾಡಿ ಕುಂಕುಮ ಹಚ್ಚಿದೆವು. ಎರಡನೆಯ ವರ್ಷ ಪೈಪ್ ಹರಿಯಿತು. ಯಾರ ಸರದಿಯಲ್ಲಿ ಹರಿಯಿತು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಮೂರನೆಯ ವರ್ಷ ಪಂಪ್ ನಮ್ಮ ಕೊಟ್ಟಿಗೆಯ ಅಟ್ಟ ಸೇರಿತು. ಕೆಟ್ಟಿದ್ದು ಪಂಪ್ ಅಲ್ಲ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಯಂತ್ರದ ಮಾತು ಸುಲಿಯುವ ಕಾಲಕ್ಕೆ ಇರಲಿ. ಈ ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯನ್ನು ಹನ್ನೊಂದು ಮನೆಯವರೂ ಒಟ್ಟಾಗಿ ಹೊಡೆಯಿಸಿ ನೋಡಿ.

ಇದೇ ಕೆಲಸ ಏಕೆ? ಕುಮಟಾ ಕಡೆಯ ಮಾಣಿಕಟ್ಟಾದ ಗಜನಿಯಲ್ಲಿ, ಎಂದರೆ ಉಪ್ಪುನೀರು ನುಗ್ಗುವ ಗದ್ದೆಬಯಲಿನಲ್ಲಿ, ಉಪ್ಪು ತಾಳುವ ಕಗ್ಗ ಭತ್ತವನ್ನು ರೈತರು ಕೂಡಿ ಬೆಳೆದದ್ದನ್ನು ಕೇಳಿರಬಹುದು. ಅಲ್ಲಿ ಒಡ್ಡು ಎಲ್ಲರಿಗೂ ಒಂದೇ. ನನ್ನ ಗದ್ದೆಗಷ್ಟೇ ಉಪ್ಪುನೀರು ತಡೆಯುತ್ತೇನೆ ಎನ್ನಲು ಯಾರಿಗೂ ಬರುವುದಿಲ್ಲ. ಘಟ್ಟದ ಮೇಲಿನ ನಮಗೆ ತೋಟಗಳ ನಡುವೆ ಬೇಲಿಯಿದೆ, ಹಾಗಾಗಿ ನಮ್ಮ ತೋಟ ನಮ್ಮದು ಎಂಬ ಭ್ರಮೆ. ಕೊಳೆರೋಗ ತರುವ ಫೈಟೊಫ್ತೊರಾ ಎಂಬ ರೋಗಾಣು ಬೇಲಿ ನೋಡುವುದಿಲ್ಲ, ಮಳೆಹನಿಯ ಸಿಡಿತ ಮತ್ತು ಗಾಳಿ ಅದಕ್ಕೆ ಸಾಕು. ನೀವು ಮಳೆ ಹಿಡಿಯುವ ಮೊದಲೇ ಔಷಧಿ ಹೊಡೆದು, ಪಕ್ಕದ ತೋಟದ ಅಜ್ಜನಿಗೆ ಜುಲೈವರೆಗೂ ಆಳು ಸಿಗದಿದ್ದರೆ, ಅವರ ಮರದಿಂದ ಉದುರಿದ ಕಾಯಿ ನಿಮ್ಮ ಲೆಕ್ಕಕ್ಕೂ ಬಂದೇ ಬರುತ್ತದೆ. ಕಣಿವೆಯ ತೋಟವೆಲ್ಲ ಕೊಳೆಗೆ ಒಂದೇ ಗದ್ದೆ.

ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣವನ್ನು ಒಟ್ಟಿಗೆ ತನ್ನಿ. ಕೊಳೆಗೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ. ಎರಡನ್ನೂ ಬೇರೆಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಬೇಡ. ಉಜ್ಜಿದ ಚಾಕುವನ್ನು ಅದ್ದಿದಾಗ ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಅಂದು ಕಲಸಿದ್ದು ಅಂದೇ ಮುಗಿಯಬೇಕು. ಇದೆಲ್ಲ ನಿಮ್ಮ ತಂದೆಯವರಿಗೆ ಗೊತ್ತಿರುತ್ತದೆ. ಆದರೆ ಹನ್ನೊಂದು ಮನೆಯಲ್ಲಿ ಹನ್ನೊಂದು ಕೈಯಳತೆ ಇರುತ್ತದೆ, ಹಾಗಾಗಿ ಕಲಸುವ ಕೆಲಸ ಒಬ್ಬರದೇ ಇರಲಿ. ಎರಡನೆಯ ಸುತ್ತು 40–45 ದಿನಕ್ಕೆ. ಆ ದಿನವನ್ನು ಈಗಲೇ ಪಂಚಾಂಗದಲ್ಲಿ ಗುರುತು ಮಾಡಿ, ಏಕೆಂದರೆ ಒಗ್ಗಟ್ಟು ಮುರಿಯುವುದು ಎರಡನೆಯ ಸುತ್ತಿನಲ್ಲೇ. ಅಷ್ಟು ಹೊತ್ತಿಗೆ ಆರಂಭದ ಉಮೇದು ಮಳೆಯಲ್ಲಿ ತೊಳೆದು ಹೋಗಿರುತ್ತದೆ.

ಇನ್ನು ಲೆಕ್ಕ. ಹಿಂದಿನ ಮುಯ್ಯಾಳು ಪದ್ಧತಿಯಲ್ಲಿ ದಿನಕ್ಕೆ ದಿನ ತೀರಿಸುತ್ತಿದ್ದರು. ಅರ್ಧ ಎಕರೆಯವನು ನಾಲ್ಕು ಎಕರೆಯವನ ತೋಟದಲ್ಲಿ ದಿನಗಟ್ಟಲೆ ದುಡಿದರೂ, ತನ್ನ ತೋಟದ ಕೆಲಸ ಒಂದೇ ದಿನಕ್ಕೆ ಮುಗಿಯುವುದರಿಂದ ಒಂದೇ ದಿನ ಪಡೆಯುತ್ತಿದ್ದ. ಮುಖ ನೋಡಿಕೊಂಡು ಸುಮ್ಮನಿರುತ್ತಿದ್ದ, ಅಷ್ಟೆ. ನಾವು ಪಂಪಿನ ಕಥೆಯಾದ ಮೇಲೆ ಬ್ಯಾರಲ್ ಲೆಕ್ಕಕ್ಕೆ ಬಂದೆವು. ಯಾರ ತೋಟಕ್ಕೆ 200 ಲೀಟರಿನ ಎಷ್ಟು ಬ್ಯಾರಲ್ ಹೋಯಿತೋ ಅಷ್ಟು ಬರೆಯುವುದು. ತುತ್ತು, ಸುಣ್ಣ, ಪೆಟ್ರೋಲ್, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನ ಸಂಬಳ ಎಲ್ಲವನ್ನೂ ಕೂಡಿ ಒಟ್ಟು ಬ್ಯಾರಲ್ಲಿನಿಂದ ಭಾಗಿಸಿದರೆ ಒಂದು ಬ್ಯಾರಲ್ಲಿನ ಖರ್ಚು ಬರುತ್ತದೆ, ಅದನ್ನು ಆಯಾ ಮನೆಯ ಬ್ಯಾರಲ್ಲಿನಿಂದ ಗುಣಿಸಿದರೆ ಆ ಮನೆಯ ಪಾಲು. ಮನೆಯಿಂದ ಆಳು ಕೊಟ್ಟವರಿಗೆ ಆ ದಿನದ ಕೂಲಿಯನ್ನು ಪಾಲಿನಲ್ಲಿ ಕಳೆಯಿರಿ. ಪ್ರತಿ ಬ್ಯಾರಲ್ಲಿಗೂ ಸ್ವಲ್ಪ ಹೆಚ್ಚಿಗೆ ಹಿಡಿದು ರಿಪೇರಿ ಗಂಟು ಮಾಡಿ. ಆಗ ಪೈಪ್ ಯಾರ ಸರದಿಯಲ್ಲಿ ಹರಿದರೂ ಗಂಟಿನಿಂದಲೇ ಹೊಸ ಪೈಪ್, ತನಿಖೆಯಿಲ್ಲ. ಪುಸ್ತಕ ಹಿಡಿಯುವವರು ದೊಡ್ಡ ತೋಟದವರಾಗಿರಬಾರದು. ನಮ್ಮಲ್ಲಿ ಕೆಳಮನೆಯ ಅತ್ತಿಗೆ ಬರೆಯುತ್ತಾರೆ. ಅವರ ಅಕ್ಷರದ ಎದುರು ದನಿ ಏರಿಸುವ ಧೈರ್ಯ ಯಾರಿಗೂ ಇಲ್ಲ, ನನಗಂತೂ ಇಲ್ಲ.

ಕಾದಿಗೆ, ಎಂದರೆ ತೋಟದ ನೀರು ಬಸಿಯುವ ಕಾಲುವೆ, ಬಿಡಿಸುವುದನ್ನೂ ಇದಕ್ಕೇ ಸೇರಿಸಿ. ಕಣಿವೆಯ ತೀರಾ ಕೆಳಗಿನ ತೋಟದಿಂದ ಶುರುಮಾಡಿ ಮೇಲಕ್ಕೆ ಬನ್ನಿ. ಮೇಲಿನವರು ಮೊದಲು ಬಿಡಿಸಿದರೆ ಕೆಳಗಿನವರ ಬರಣ (ಅಡಿಕೆ ಮರ ನಿಂತ ಏರುಮಡಿ) ಮುಳುಗುತ್ತದೆ.

ನಿಮ್ಮ ಬರಹದಲ್ಲಿ ಕೊನೆಗೌಡರ ಹೆಸರೇ ಇಲ್ಲದಿದ್ದುದು ನನಗೆ ಸರಿ ಕಾಣಲಿಲ್ಲ. ಆಳಿಲ್ಲ ಎಂದು ದೋಟಿ ತರುತ್ತೀರಿ, ಸರಿ. ಆದರೆ ದೋಟಿ ಹಿಡಿಯಲೂ ಕೈ ಬೇಕು, ಕತ್ತು ನೋಯದೆ ದಿನವಿಡೀ ಮೇಲೆ ನೋಡಬಲ್ಲವರು ಬೇಕು. ಅವರನ್ನು ಮೊದಲ ಸಭೆಗೇ ಕರೆಯಿರಿ, ಅಂಗಳದಲ್ಲಿ ನಿಲ್ಲಿಸದೆ ಜಗಲಿಯಲ್ಲಿ ಕೂರಿಸಿ. ಹನ್ನೊಂದು ತೋಟದ ಕೆಲಸ ಸಾಲಾಗಿ ಇದೆ ಎಂದು ಮೇ ತಿಂಗಳಲ್ಲೇ ಮಾತಾದರೆ ಅವರೂ ಬೇರೆ ಕಡೆ ಒಪ್ಪಿಕೊಳ್ಳುವುದಿಲ್ಲ. ಅವರಿಗೆ ಅಪಘಾತ ವಿಮೆಯನ್ನೂ ಮಾಡಿಸಿ: ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ 2 ಲಕ್ಷ. 18ರಿಂದ 70 ವಯಸ್ಸಿನವರು ತಮ್ಮ ಬ್ಯಾಂಕ್ ಖಾತೆಯ ಮೂಲಕ ಮಾಡಿಸಬಹುದು. ರಿಪೇರಿ ಗಂಟಿನಿಂದ ಆ ಹಣ ಕೊಡಿ. 2 ಲಕ್ಷ ದೊಡ್ಡ ಮೊತ್ತವಲ್ಲ, ಏನೂ ಇಲ್ಲದಿರುವುದಕ್ಕಿಂತ ವಾಸಿ. ಇನ್ನೊಂದು ಮಾತು: ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ತಂತಿ ಹಾದುಹೋಗಿರುವ ಜಾಗದಲ್ಲಿ ದೋಟಿ ಎತ್ತಲೇಬಾರದು.

ಸುಲಿಯುವ ಯಂತ್ರದ ವಿಚಾರದಲ್ಲಿ ನನಗೆ ಎರಡು ಮನಸ್ಸು. ನಿಮ್ಮೂರಿನಲ್ಲಿ ಮೆಟಗತ್ತಿಯಲ್ಲಿ ಅಡಿಕೆ ಸುಲಿಯುವ ಹೆಂಗಸರಿಗೆ ಅದೇ ನಾಲ್ಕು ತಿಂಗಳ ದುಡಿಮೆ ಆಗಿದ್ದರೆ, ಯಂತ್ರ ನಡೆಸುವ, ಅಡಿಕೆ ಆರಿಸುವ ಕೆಲಸ ಅವರಿಗೇ ಸಿಗುತ್ತದೆಯೇ ಎಂದು ನೋಡಿಕೊಂಡು ಕೊಳ್ಳಿ.

ನೋಂದಣಿಯನ್ನು ಮೊದಲ ವರ್ಷ ಮಾಡಬೇಡಿ. ಇಬ್ಬರ ಸಹಿಯ ಜಂಟಿ ಖಾತೆ ಸಾಕು. ಒಂದು ಮಳೆಗಾಲ ದಾಟಿದ ಮೇಲೂ ಮಾತಾಡಿಕೊಂಡಿದ್ದರೆ, 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಸಂಘ ಮಾಡಬಹುದು. ವ್ಯಾಪಾರವನ್ನೂ ಮಾಡುವ ಮನಸ್ಸಿದ್ದರೆ ಸಹಕಾರಿಯ ದಾರಿ ಹಿಡಿಯಿರಿ. ನಮ್ಮ ಸೀಮೆಗೆ ಅದು ಹೊಸತಲ್ಲ, ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ಹುಟ್ಟಿದ್ದು 1923ರಲ್ಲಿ. ಕಾಗದಕ್ಕಿಂತ ರೂಢಿ ಗಟ್ಟಿಯಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಕುಮಟಾದ ಹಳಕಾರ ಎಂಬ ಊರಿದೆ. 1920ರ ದಶಕದಿಂದ ಊರವರೇ ಕಾಡು ಕಾಯುತ್ತಾರೆ, ಕಾವಲುಗಾರನಿಗೆ ತಾವೇ ವಂತಿಗೆ ಎತ್ತುತ್ತಾರೆ. ಸರ್ಕಾರ ಅಂಥ ಅರಣ್ಯ ಪಂಚಾಯಿತಿಗಳನ್ನು ಮುಚ್ಚಲು ಹೊರಟಾಗ ನ್ಯಾಯಾಲಯಕ್ಕೆ ಹೋಗಿ ತಮ್ಮದನ್ನು ಉಳಿಸಿಕೊಂಡರು. ಅಷ್ಟು ವರ್ಷ ವಂತಿಗೆ ಕೊಟ್ಟವರಿಗೆ ಕಾಡು ಬಿಟ್ಟುಕೊಡಲು ಮನಸ್ಸು ಬಂದೀತೇ?

ಲೆಕ್ಕದ ಪುಸ್ತಕದ ಅಂಕಣಗಳು ಹೇಗಿರಬೇಕೆಂದು ಬೇಕಿದ್ದರೆ ಹೇಳಿ, ನಮ್ಮದರ ಒಂದು ಪುಟದ ಫೋಟೊ ಹಾಕುತ್ತೇನೆ. ತುತ್ತಿನ ನೀಲಿ ಕಲೆ ಬಿದ್ದಿದೆ, ಆದರೂ ಓದಬಹುದು.