ಕೊಂಬುಚಾ ಕುಡಿದರೆ ಶುಗರ್ ಮಾತ್ರೆ ಬಿಡಬಹುದಾ?

ಈ ಸಲ ಮುಂಬೈ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹುಳಿ ಬರಿಸಿದ ಪಾನೀಯಗಳದ್ದೇ. ಹೊಟ್ಟೆ, ಕರುಳಿನ ವೈದ್ಯನಾದ ನನಗೆ ಇದರಿಂದ ಖುಷಿಯಾಗಬೇಕಿತ್ತು. ಆಗಲಿಲ್ಲ. ಏನನ್ನು ಕುಡಿದರೆ ಯಾವ ಮಾತ್ರೆ ಬಿಡಬಹುದು ಅನ್ನುವುದೊಂದೇ ಎಲ್ಲರ ಚಿಂತೆ. ಒಂದು ಪ್ರಶ್ನೆಗೆ ವಿವರವಾಗಿ ಬರೆಯುತ್ತೇನೆ. ಉಳಿದವಕ್ಕೆ ಅಷ್ಟು ತಾಳ್ಮೆ ಇಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ 58 ವರ್ಷ, ಶುಗರ್ ಇದೆ. ಸೊಸೈಟಿಯಲ್ಲಿ ಒಬ್ಬರು ಕೊಂಬುಚಾ (ಹುಳಿ ಬರಿಸಿದ ಸಿಹಿ ಚಹಾ) ಮಾಡುವ 'ಮದರ್', ಅಂದರೆ ಹೆಪ್ಪಿನಂತೆ ಹಾಕುವ ಕೆನೆಯಂಥ ಪದರ, ಕೊಟ್ಟರು. ಮನೆಯಲ್ಲೇ ಮಾಡಿ ದಿನಾ ಎರಡು ದೊಡ್ಡ ಲೋಟ ಕುಡಿಯುತ್ತಾರೆ. ಫಾಸ್ಟಿಂಗ್ (ಬರೀ ಹೊಟ್ಟೆಯ ಶುಗರ್) ಇಳಿದಿದೆ. ಮಾತ್ರೆ ನಿಲ್ಲಿಸಬಹುದಾ? ಮಳೆ ಶುರುವಾದ ಮೇಲೆ ಮದರ್ ಮೇಲೆ ಹಸಿರು ಚುಕ್ಕೆ ಬಂದಿದೆ. ಅದನ್ನು ತೆಗೆದು ಬಳಸಬಹುದಾ? (ಮುಲುಂಡ್)

ಉತ್ತರ: ಮಾತ್ರೆ ನಿಲ್ಲಿಸಬೇಡಿ. ಆ ಜಾಡಿಯನ್ನು ಇವತ್ತೇ ಖಾಲಿ ಮಾಡಿ. ಇನ್ನು ಕಾರಣ ಕೇಳಿ.

ಯಜಮಾನರು ಮಾತ್ರೆ ನುಂಗುತ್ತಲೇ ಕೊಂಬುಚಾ ಕುಡಿಯುತ್ತಿದ್ದಾರೆ. ಶುಗರ್ ಇಳಿದದ್ದಕ್ಕೆ ಶಹಬ್ಬಾಸ್ ಮಾತ್ರ ಕೊಂಬುಚಾಕ್ಕೆ! ಅದೂ ಬೆಳಗಿನ ಒಂದು ಫಾಸ್ಟಿಂಗ್ ನೋಡಿ. ರಾತ್ರಿ ಊಟ ಕಡಿಮೆಯಾದರೂ ಅದು ಇಳಿಯುತ್ತದೆ. ಎರಡು ಮೂರು ತಿಂಗಳ ಲೆಕ್ಕ ಹೇಳುವ ಎಚ್‌ಬಿಎ1ಸಿ ಮಾಡಿಸಿದ್ದೀರಾ?

ಕೊಂಬುಚಾ ಶುಗರ್ ಇಳಿಸುತ್ತದೆ ಅಂತ ವಾಟ್ಸ್ಯಾಪಿನಲ್ಲಿ ತಿರುಗುವ 'ಅಮೆರಿಕದ ಸಂಶೋಧನೆ' ಸುಳ್ಳಲ್ಲ. 2023ರಲ್ಲಿ ಪ್ರಕಟವಾಯಿತು. ದಿನಕ್ಕೆ ಸುಮಾರು 240 ಮಿಲಿಯಂತೆ ನಾಲ್ಕು ವಾರ ಕುಡಿದವರ ಸರಾಸರಿ ಫಾಸ್ಟಿಂಗ್ 164ರಿಂದ 116ಕ್ಕೆ ಬಂತು. ಆದರೆ ಅದರಲ್ಲಿ ಇದ್ದವರು ಬರೀ 12 ಜನ. ಫಾರ್ವರ್ಡ್ ಮಾಡುವವರು ಆ ಸಾಲನ್ನು ಮಾತ್ರ ಕತ್ತರಿಸಿರುತ್ತಾರೆ. ಇಷ್ಟರ ಮೇಲೆ ದೊಡ್ಡ ಅಧ್ಯಯನ ಮಾಡಬಹುದು, ಮಾತ್ರೆ ಬಿಡಿಸುವುದಕ್ಕೆ ಆಗುವುದಿಲ್ಲ.

ಕೊಂಬುಚಾ ಅಂದರೆ ಸಕ್ಕರೆ ಹಾಕಿದ ಚಹಾ. ಲೀಟರಿಗೆ 50ರಿಂದ 100 ಗ್ರಾಂ ಸಕ್ಕರೆ ಸುರಿಯುವುದು ರೂಢಿ. ಯೀಸ್ಟ್ ಆ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ, ಬ್ಯಾಕ್ಟೀರಿಯಾ ಆ ಆಲ್ಕೋಹಾಲನ್ನು ಹುಳಿ ಮಾಡುತ್ತದೆ. ಎರಡೂ ಕೆಲಸ ಪೂರ್ತಿ ಮುಗಿಯುವ ಮೊದಲೇ ನೀವು ಸೋಸಿಕೊಳ್ಳುತ್ತೀರಿ. ಹಾಗಾಗಿ ಸಕ್ಕರೆಯೂ ಉಳಿದಿರುತ್ತದೆ, ಆಲ್ಕೋಹಾಲೂ ಇರುತ್ತದೆ. ನಮ್ಮ ದೇಶದ ನಿಯಮದಲ್ಲಿ ಶೇ 0.5 ದಾಟಿದರೆ ಅದು ಮದ್ಯ. ಮನೆಯ ಜಾಡಿ ಆ ಗೆರೆಯನ್ನು ಸುಲಭವಾಗಿ ದಾಟುತ್ತದೆ, ಮುಂಬೈ ಸೆಕೆಯಲ್ಲಂತೂ ಇನ್ನೂ ಬೇಗ. 'ನಾವು ಮದ್ಯ ಮುಟ್ಟಿದವರೇ ಅಲ್ಲ' ಅನ್ನುವ ಹಿರಿಯರು ಇದನ್ನು ಲೋಟಗಟ್ಟಲೆ ಕುಡಿಯುವುದು ನೋಡಿದರೆ ನಗು ಬರುತ್ತದೆ.

ಚುಕ್ಕೆಯ ವಿಷಯ. ಬೆಳ್ಳಗೆ, ನುಣ್ಣಗೆ, ಕೆನೆಯ ಹಾಗೆ ಕಟ್ಟಿದರೆ ಅದು ಹೊಸ ಮದರ್, ಹೆದರಬೇಡಿ. ಹಸಿರು ಅಥವಾ ಕಪ್ಪು ಬಣ್ಣ, ಮೇಲೆ ನವಿರಾದ ರೋಮ ಇದ್ದರೆ ಬೂಷ್ಟು. ಒಬ್ಬರು ಅದನ್ನು ಚಮಚದಿಂದ ಕೆರೆದು, ಮದರನ್ನು ನಲ್ಲಿಯಲ್ಲಿ ತೊಳೆದು, ಡಬ್ಬಿಯಲ್ಲಿ ಹಾಕಿಕೊಂಡು ನನ್ನ ಕ್ಲಿನಿಕ್ಕಿಗೇ ತಂದಿದ್ದರು, 'ಈಗ ಸರಿ ಇದೆಯಾ ಡಾಕ್ಟ್ರೇ' ಅಂತ. ಕೆರೆದರೆ ಹೋಗುವುದಿಲ್ಲ. ಮದರೂ ಸೇರಿ ಎಲ್ಲ ಚೆಲ್ಲಬೇಕು. ಪಾತ್ರೆ ಗಾಜಿನದ್ದೇ ಆಗಲಿ. ತಾಮ್ರ, ಹಿತ್ತಾಳೆ ಬೇಡ. ಹೊಳಪಿನ ಬಣ್ಣದ ಪಿಂಗಾಣಿ ಭರಣಿಯೂ ಬೇಡ, ಹುಳಿಗೆ ಅದರ ಲೇಪದ ಸೀಸ ಬಿಡಬಹುದು.

1995ರಲ್ಲಿ ಅಮೆರಿಕದ ಅಯೋವಾದಲ್ಲಿ ದಿನಾ ಇದನ್ನು ಕುಡಿಯುತ್ತಿದ್ದ ಇಬ್ಬರು ಹೆಂಗಸರ ರಕ್ತದಲ್ಲಿ ಆಮ್ಲ ವಿಪರೀತ ಏರಿತು. ಒಬ್ಬರು ತೀರಿಕೊಂಡರು. ಕೊಂಬುಚಾವೇ ಕಾರಣ ಅಂತ ಸಾಬೀತಾಗಲಿಲ್ಲ. ಆದರೂ ಆರೋಗ್ಯವಂತರು ದಿನಕ್ಕೆ ಸುಮಾರು 120 ಮಿಲಿ ಕುಡಿದರೆ ತೊಂದರೆ ಆಗಲಿಕ್ಕಿಲ್ಲ ಅನ್ನುವ ಸಲಹೆ ಆಗ ಅಲ್ಲಿಂದ ಬಂತು. ನಿಮ್ಮ ಯಜಮಾನರ ಎರಡು ದೊಡ್ಡ ಲೋಟ ಅದಕ್ಕಿಂತ ಎಷ್ಟೋ ಜಾಸ್ತಿ. ಕಿಡ್ನಿ, ಲಿವರ್ ತೊಂದರೆ ಇದ್ದವರು, ಬಸುರಿಯರು, ಕೀಮೋ ತೆಗೆದುಕೊಳ್ಳುವವರು ಮನೆಯಲ್ಲಿ ಮಾಡಿದ್ದನ್ನು ಮುಟ್ಟಲೇಬಾರದು. ನಾನು ಸ್ವಲ್ಪ ಜಾಸ್ತಿಯೇ ಹೆದರುವ ವೈದ್ಯ ಅಂದುಕೊಳ್ಳಿ, ಪರವಾಗಿಲ್ಲ.

ಹುಳಿ ಬರಿಸಿದ್ದರಲ್ಲಿ ಒಳ್ಳೆಯದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2021ರಲ್ಲಿ ಸ್ಟ್ಯಾನ್‌ಫರ್ಡಿನವರು 36 ಜನರ ಮೇಲೆ ಮಾಡಿದ ಪ್ರಯೋಗದಲ್ಲಿ, ಮೊಸರು, ಕೆಫಿರ್ (ಹುಳಿ ಬರಿಸಿದ ಹಾಲು), ಕೊಂಬುಚಾದಂಥವನ್ನು ಹತ್ತು ವಾರ ಸೇವಿಸಿದವರ ಕರುಳಿನಲ್ಲಿ ಬಗೆಬಗೆಯ ಜೀವಾಣು ಹೆಚ್ಚಿದವು, ಉರಿಯೂತದ ಗುರುತುಗಳು ಇಳಿದವು. ಅವರು ದಿನಾ ಬೇರೆ ಬೇರೆ ಪದಾರ್ಥ ತಿಂದಿದ್ದರು, ಒಂದೇ ಜಾಡಿಗೆ ಜೋತುಬಿದ್ದಿರಲಿಲ್ಲ. ಯಜಮಾನರಿಗೆ ಹುಳಿಯೇ ಬೇಕಿದ್ದರೆ ಮನೆಯ ನೀರು ಮಜ್ಜಿಗೆ ಕೊಡಿ. ಹಾಲು ಕುಡಿದರೆ ಹೊಟ್ಟೆ ಉಬ್ಬುವವರಿಗೂ ಮೊಸರು ಒಗ್ಗುತ್ತದೆ, ಅದರಲ್ಲಿರುವ ಜೀವಾಣು ಹಾಲಿನ ಸಕ್ಕರೆಯನ್ನು ಅರಗಿಸಲು ನೆರವಾಗುತ್ತವೆ. ಕುದಿಸಿದ ಮಜ್ಜಿಗೆ ಹುಳಿಯಲ್ಲಿ ಅವು ಬದುಕಿರುವುದಿಲ್ಲ. ಫ್ರಿಜ್ ಬೇಡದ ಪೆಟ್ಟಿಗೆ ಛಾಸ್‌ನಲ್ಲೂ ಇರುವುದಿಲ್ಲ.

ಮದರ್ ಜೊತೆ 'ಶುಗರ್ ಮುಕ್ತಿ' ಪ್ಯಾಕೇಜ್ ಮಾರುವವರ ನಂಬರ್ ಇದ್ದರೆ ಅದನ್ನೂ ಬ್ಲಾಕ್ ಮಾಡಿ.

ಪ್ರಶ್ನೆ: ಸ್ಟೇಷನ್ ಹೊರಗೆ ಸಿಗುವ ನೀರಾ ಕರುಳಿಗೆ ಒಳ್ಳೆಯದಾ? (ಡೊಂಬಿವಲಿ)

ಉತ್ತರ: ಹುಳಿಯಾಗದಂತೆ ತಂಪಾಗಿಟ್ಟು ಮಾರುವುದೇ ನೀರಾ. ಹುಳಿಯಾದರೆ ಅದು ಕಳ್ಳು. ಸಿಹಿ ಇದೆ, ಶುಗರ್ ಏರಿಸುತ್ತದೆ.

ಪ್ರಶ್ನೆ: ಸೋಲ್ ಕಡಿಯಲ್ಲಿ ಪ್ರೊಬಯಾಟಿಕ್ (ಕರುಳಿಗೆ ಒಳ್ಳೆಯ ಜೀವಾಣು) ಇದೆಯಾ? (ನೆರೂಲ್)

ಉತ್ತರ: ಕೋಕಂ, ತೆಂಗಿನಹಾಲು ಇದೆ. ರುಚಿಗೆ ಕುಡಿಯಿರಿ.

ಪ್ರಶ್ನೆ: ಹುಳಿ ಬರಿಸಿದ ರಾಗಿ ಅಂಬಲಿ ಕುಡಿದರೆ ಶುಗರ್ ಏರುವುದೇ ಇಲ್ಲವಂತೆ? (ಠಾಣೆ)

ಉತ್ತರ: ಏರುತ್ತದೆ. ರಾಗಿಯೂ ಪಿಷ್ಟವೇ ಅಲ್ವಾ? ಹುಳಿ ಬರಿಸಿದರೆ ರಾಗಿಯ ಕಬ್ಬಿಣ ಮೈಗೆ ಹತ್ತುವುದು ಹೆಚ್ಚುತ್ತದೆ, ಅದು ನಿಜ. ಒಂದು ಲೋಟ ಸಾಕು.

ಪ್ರಶ್ನೆ: ಗೋವಾದಿಂದ ಉರ್ರಾಕ್ ತಂದಿದ್ದೇನೆ. ಗೇರುಹಣ್ಣನ್ನು ಹುಳಿ ಬರಿಸಿ ಮಾಡಿದ್ದು. ಹೊಟ್ಟೆಗೆ ಎಷ್ಟು ತೆಗೆದುಕೊಳ್ಳಲಿ? (ಮಾಟುಂಗಾ)

ಉತ್ತರ: ಹುಳಿ ಬರಿಸಿದ ಮೇಲೆ ಅದನ್ನು ಭಟ್ಟಿ ಇಳಿಸುತ್ತಾರೆ. ಆ ಕಾವಿಗೆ ಜೀವಾಣು ಸಾಯುತ್ತವೆ, ಬಾಟಲಿಗೆ ಬರುವುದು ಮದ್ಯ. ಮುಂದಿನ ಪ್ರಶ್ನೆ ಕಳಿಸುವಾಗ ಲಿವರ್ ಟೆಸ್ಟ್ ರಿಪೋರ್ಟೂ ಜೊತೆಗಿರಲಿ.